ಕರಾವಳಿಯ ರೋಲಿಂಗ್ ಶಟರ್: ತುಕ್ಕು ತಡೆಯುವುದು, ಕೆಟ್ಟಾಗ ರಿಪೇರಿ ಮಾಡುವುದು

ಕಾರ್ ಶೆಡ್ಡಿನ ಶಟರ್ ಮಳೆಗೆ ಹಾಳಾಯಿತು ಎನ್ನುವುದು ಕರಾವಳಿಯಲ್ಲಿ ಸಾಮಾನ್ಯ ಮಾತು. ಆದರೆ ಮಳೆಗೆ ನೇರವಾಗಿ ನೆನೆಯುವ ಹೊರಮೈಯನ್ನೂ ಮಳೆಯೇ ತಾಗದ ಗೈಡಿನ (ಪಟ್ಟಿಗಳು ಏರಿಳಿಯುವ ಪಕ್ಕದ ಚಾನೆಲ್) ಒಳಭಾಗವನ್ನೂ ಪಕ್ಕಪಕ್ಕ ಇಟ್ಟು ನೋಡಿ. ತುಕ್ಕು ಜಾಸ್ತಿ ಕಾಣುವುದು ಒಳಗೇ. ಅದಕ್ಕೆ ಕಾರಣ ಉಪ್ಪು. ಕಡಲಗಾಳಿಯ ಜೊತೆ ಬಂದ ಉಪ್ಪು ಹೊರಮೈ ಮೇಲೆ ಕೂತರೆ ಮಳೆಯೇ ಅದನ್ನು ತೊಳೆದುಬಿಡುತ್ತದೆ. ಗೈಡಿನೊಳಗೆ, ಸುರುಳಿಯನ್ನು ಮುಚ್ಚುವ ಮೇಲಿನ ಹುಡ್‌ನಲ್ಲಿ, ಪಟ್ಟಿಗಳ ಕೊಂಡಿಗಳಲ್ಲಿ ಕೂತದ್ದು ಅಲ್ಲೇ ಉಳಿಯುತ್ತದೆ. ಗಾಳಿಯ ತೇವಾಂಶ ಸುಮಾರು 75% ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಉಳ್ಳಾಲದಿಂದ ಕಾರವಾರದವರೆಗೆ ಮಳೆಗಾಲದ ಬಹುಪಾಲು ಹೊತ್ತು ತೇವಾಂಶ ಅದಕ್ಕಿಂತ ಮೇಲೆಯೇ ಇರುತ್ತದೆ. ಮಳೆ ನಿಂತು ಎರಡು ದಿನವಾದರೂ ಆ ಜಾಗದ ಕಬ್ಬಿಣ ಒಣಗದಿರುವುದು ಇದರಿಂದಲೇ.

ಹಾಗಾಗಿ ಎಣ್ಣೆ ಡಬ್ಬಿಗಿಂತ ಮೊದಲು ಬೇಕಾದದ್ದು ನೀರಿನ ಪೈಪು. ಉಪ್ಪಿನ ಮೇಲೆಯೇ ಎಣ್ಣೆ ಹಾಕಿದರೆ ಉಪ್ಪು ಅದರ ಅಡಿಯಲ್ಲಿ ಸುರಕ್ಷಿತವಾಗಿ ಉಳಿಯುತ್ತದೆ, ಅಷ್ಟೇ.

ತೊಳೆಯುವುದು

ಸಮುದ್ರ ಅರ್ಧ ಕಿಲೋಮೀಟರಿನೊಳಗಿದ್ದರೆ ತಿಂಗಳಿಗೊಮ್ಮೆ, ಅದಕ್ಕಿಂತ ದೂರವಿದ್ದರೆ ಎರಡು ಮೂರು ತಿಂಗಳಿಗೊಮ್ಮೆ ತೊಳೆಯಿರಿ. ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ, ಪತ್ತನಾಜೆಗೆ (ಮೇ ಕೊನೆಯ ತುಳುನಾಡಿನ ಆಚರಣೆ) ಮುಂಚೆ ಮೇ ತಿಂಗಳಲ್ಲಿ ಒಮ್ಮೆ ಪೂರ್ತಿ ಸರ್ವಿಸ್ ಆಗಬೇಕು. ಕಡಲಬದಿಯ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಆ ನೀರಿನಲ್ಲಿ ತೊಳೆಯುವುದಕ್ಕಿಂತ ತೊಳೆಯದಿರುವುದೇ ವಾಸಿ. ನಲ್ಲಿ ನೀರನ್ನೋ ಮಳೆ ನೀರನ್ನೋ ಬಳಸಿ.

ಶಟರನ್ನು ಪೂರ್ತಿ ಕೆಳಗಿಳಿಸಿ. ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಚಮಚ ಸಾಕು. ಮೆತ್ತನೆಯ ಬ್ರಷ್ಷಿನಿಂದ ಎರಡೂ ಬದಿಯನ್ನು ಉಜ್ಜಿ. ಗೈಡಿನೊಳಗೆ ಬಾಟಲಿ ತೊಳೆಯುವ ಉದ್ದ ಬ್ರಷ್ ಇಳಿಸಿ, ಮೇಲಿನಿಂದ ಕೆಳಕ್ಕೆ ನೀರು ಬಿಡಿ. ಪ್ರೆಷರ್ ವಾಷರ್ ಬೇಡ, ಅದು ನೀರನ್ನು ಬೇರಿಂಗಿನೊಳಕ್ಕೆ, ಕೊಂಡಿಗಳೊಳಕ್ಕೆ ನುಗ್ಗಿಸುತ್ತದೆ. ತೊಳೆದ ಮೇಲೆ ಬಿಸಿಲಿಗೆ ಎರಡು ಮೂರು ಗಂಟೆ ಕೆಳಗೇ ಬಿಡಿ. ಒದ್ದೆ ಶಟರನ್ನು ಮೇಲೆತ್ತಿದರೆ ಸುರುಳಿಯ ಒಳಪದರಗಳು ಸಂಜೆಯವರೆಗೂ ಹಸಿಯಾಗಿಯೇ ಇರುತ್ತವೆ. ರಾತ್ರಿಯಿಡೀ ನೆನೆದ ಶಟರನ್ನು ಬೆಳಿಗ್ಗೆ ಎಂಟಕ್ಕೆ ಎತ್ತುವ ಅಂಗಡಿಗಳಲ್ಲಿ ಮೇಲ್ಭಾಗದ ಪಟ್ಟಿಗಳು ಬೇಗ ತೂತಾಗುವುದು ಹೀಗೆ. ಎತ್ತುವ ಮೊದಲು ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ, ರಜೆಯ ದಿನ ಪೂರ್ತಿ ಇಳಿಸಿಡಿ.

ಎಲ್ಲಿಗೆ ಯಾವ ಎಣ್ಣೆ

ಗೈಡಿಗೆ ಗ್ರೀಸ್ ಹಚ್ಚಬೇಡಿ. ಕರಾವಳಿಯ ಗಾಳಿಯಲ್ಲಿ ಮರಳಿನ ಕಣ ಇರುತ್ತದೆ. ಗ್ರೀಸಿಗೆ ಮರಳು ಅಂಟಿದರೆ ಪ್ರತಿ ಸಲ ಶಟರ್ ಎತ್ತಿದಾಗಲೂ ಅದು ಜಿಂಕ್ ಪದರವನ್ನು ಉಜ್ಜಿ ತೆಗೆಯುತ್ತದೆ. ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಆಯಿಲ್ ಕೂಡ ಇದೇ ಕೆಲಸ ಮಾಡುತ್ತದೆ, ಮೇಲೆ ಬಟ್ಟೆಯೂ ಕೊಳೆ. ಗೈಡಿಗೆ ಒಣಗಿದ ಮೇಲೆ ಅಂಟದ ಸಿಲಿಕೋನ್ ಸ್ಪ್ರೇ ಸಾಕು. ಬೇರಿಂಗಿಗೆ, ಗೇರಿಗೆ, ಸರಪಳಿಗೆ ಮಾತ್ರ ಗ್ರೀಸ್, ಅದೂ ನೀರಿಗೆ ತೊಳೆದುಹೋಗದ ಲಿಥಿಯಂ ಅಥವಾ ಕ್ಯಾಲ್ಸಿಯಂ ಸಲ್ಫೋನೇಟ್ ಜಾತಿಯದ್ದು. ಡಬ್ಲ್ಯೂಡಿ-40 ನೀರು ಓಡಿಸುತ್ತದೆ, ಹಿಡಿದುಹೋದ ಬೋಲ್ಟ್ ಬಿಡಿಸುತ್ತದೆ. ಆದರೆ ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ, ಅದನ್ನೇ ಕೊನೆಯ ಪದರವೆಂದು ನಂಬುವಂತಿಲ್ಲ.

ಬೀಗಕ್ಕೆ ತೆಂಗಿನೆಣ್ಣೆ ಬಿಡುವ ರೂಢಿ ಊರಿನಲ್ಲೆಲ್ಲ ಇದೆ. ಮೊದಲ ವಾರ ಚೆನ್ನಾಗಿ ತಿರುಗುತ್ತದೆ, ಆಮೇಲೆ ದೂಳು ಸೇರಿ ಜಿಗುಟಾಗುತ್ತದೆ. ಪೆನ್ಸಿಲ್ ಪುಡಿ, ಅಂದರೆ ಗ್ರಾಫೈಟ್, ಒಣ ಊರಿಗೆ ಒಳ್ಳೆಯದು. ಉಪ್ಪು ತೇವದಲ್ಲಿ ಅದು ವಿದ್ಯುತ್ ಹರಿಸಿ ಲೋಹದ ಸವೆತವನ್ನು ಹೆಚ್ಚಿಸುತ್ತದೆ. ಬೀಗಕ್ಕೂ ಸಿಲಿಕೋನ್ ಸ್ಪ್ರೇಯನ್ನೇ ಬಿಡಿ, ಬೀಗದ ಕಣ್ಣಿಗೆ ರಬ್ಬರ್ ಮುಚ್ಚಳ ಹಾಕಿ.

ಗೈಡಿನ ಬುಡ

ಶಟರಿನಲ್ಲಿ ಮೊದಲು ಸಾಯುವುದು ಇದು. ಗೈಡನ್ನು ನೆಲದ ಕಾಂಕ್ರೀಟಿಗೆ ಹುದುಗಿಸಿಟ್ಟಿದ್ದರೆ ಒಳಗೆ ಇಳಿದ ನೀರಿಗೆ ಹೊರಹೋಗುವ ದಾರಿ ಇಲ್ಲ. ಮರಳು, ಎಲೆ, ನೀರು ಸೇರಿ ಕೆಸರಾಗಿ ಅಲ್ಲೇ ನಿಲ್ಲುತ್ತದೆ. ತುಕ್ಕಿನ ಗಾತ್ರ ಕಬ್ಬಿಣದ ಹಲವು ಪಟ್ಟು. ಅದು ಒಳಗೇ ಉಬ್ಬಿ ಪಟ್ಟಿಯ ದಾರಿಯನ್ನು ಕಟ್ಟುತ್ತದೆ. ಜನ ಸ್ಪ್ರಿಂಗ್ ಹೋಗಿದೆ ಅಂದುಕೊಂಡು ಮೆಕ್ಯಾನಿಕ್ಕನ್ನು ಕರೆಯುತ್ತಾರೆ.

ಇದಕ್ಕೆ ಮಾಡಬೇಕಾದದ್ದು: ಬುಡದ ಹೊರಮುಖದಲ್ಲಿ, ನೆಲಮಟ್ಟದಲ್ಲೇ 8ರಿಂದ 10 ಮಿ.ಮೀ. ತೂತು ಕೊರೆಯಿರಿ. ತೂತಿನ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಿ. ಹೊಸ ಗೈಡ್ ಹಾಕಿಸುವುದಾದರೆ ನೆಲದಿಂದ 10 ಮಿ.ಮೀ. ಎತ್ತರಿಸಿ ನಿಲ್ಲಿಸಿ. ಬುಡದ ಒಂದಡಿ ತಿಂದುಹೋಗಿದ್ದರೆ ಇಡೀ ಗೈಡ್ ಬದಲಾಯಿಸಬೇಕೆಂದಿಲ್ಲ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅದೇ ಅಳತೆಯ 3.15 ಮಿ.ಮೀ. ಚಾನೆಲ್ ತುಂಡನ್ನು ಬೆಸೆದು, ಒಳಬದಿಯ ವೆಲ್ಡಿಂಗ್ ಗಂಟನ್ನು ಗ್ರೈಂಡರಿನಲ್ಲಿ ನುಣುಪು ಮಾಡಿ. ಅಲ್ಲಿ ಗಂಟು ಉಳಿದರೆ ಶಟರ್ ಪ್ರತಿ ಸಲವೂ ಅದೇ ಎತ್ತರದಲ್ಲಿ ಹಿಡಿಯುತ್ತದೆ.

ಮುರಕಲ್ಲಿನ ಗೋಡೆಯಾದರೆ ಇನ್ನೊಂದು ತೊಂದರೆ. ಕಲ್ಲು ನೀರು ಹೀರುತ್ತದೆ, ಮೆದುವಾಗಿದೆ, ಆಂಕರ್ ಬೋಲ್ಟ್ ವರ್ಷದೊಳಗೆ ಅಲ್ಲಾಡತೊಡಗುತ್ತದೆ. ಗೈಡನ್ನು ಗೋಡೆಗೆ ಹಿಡಿಸುವ ಪ್ರತಿ ಕ್ಲೀಟ್ ಕೂರುವ ಜಾಗದಲ್ಲಿ ಕಲ್ಲು ಕೆತ್ತಿ ಕಾಂಕ್ರೀಟ್ ತುಂಬಿ, ಅದಕ್ಕೆ ಬೋಲ್ಟ್ ಹಾಕಿ. ಒಂದು ಗೈಡಿಗೆ ಕನಿಷ್ಠ ಮೂರು ಕ್ಲೀಟ್ ಬೇಕು, ನಡುವಿನ ಅಂತರ 75 ಸೆಂ.ಮೀ. ಮೀರಬಾರದು.

ಶಟರ್ ಭಾರವಾದಾಗ

ಬೀಗ ತೆಗೆದು ಸೊಂಟದೆತ್ತರಕ್ಕೆ ಎತ್ತಿ ಮೆಲ್ಲಗೆ ಕೈಬಿಡಿ. ಅಲ್ಲೇ ನಿಂತರೆ, ಅಥವಾ ಒಂದು ಗೇಣು ಮೇಲೆ ಕೆಳಗೆ ಸರಿದರೆ ತೂಕ ಸರಿಯಿದೆ. ದಡ್ಡನೆ ಇಳಿದರೆ ಸ್ಪ್ರಿಂಗ್ ಸಡಿಲ. ತಾನೇ ಮೇಲೇರಿದರೆ ಬಿಗಿ ಜಾಸ್ತಿ. ಒಂದೇ ಎತ್ತರದಲ್ಲಿ ಹಿಡಿಯುತ್ತಿದ್ದರೆ ತೊಂದರೆ ಗೈಡಿನದ್ದು. ಒಂದು ಬದಿ ಮಾತ್ರ ಮೇಲೇರಿದರೆ ಒಂದು ಸ್ಪ್ರಿಂಗ್ ಮುರಿದಿದೆ, ಇಲ್ಲವೇ ಪಟ್ಟಿಯನ್ನು ಪುಲ್ಲಿಗೆ (ಶಟರ್ ಸುತ್ತಿಕೊಳ್ಳುವ ಮೇಲಿನ ಗಾಲಿಗೆ) ಕಟ್ಟಿದ ಬೋಲ್ಟ್ ಸಡಿಲವಾಗಿದೆ. ಪಟ್ಟಿಗಳು ಪಕ್ಕಕ್ಕೆ ಜಾರಿ ಗೈಡನ್ನು ಕೆರೆಯುತ್ತಿದ್ದರೆ ಒಂದು ಬಿಟ್ಟು ಒಂದು ಪಟ್ಟಿಯ ತುದಿಯಲ್ಲಿ ಇರುವ ಕ್ಲಿಪ್ಪುಗಳ ರಿವೆಟ್ ನೋಡಿ. ರಿವೆಟ್ ತುಕ್ಕು ತಿಂದು ಕ್ಲಿಪ್ ಉದುರಿರುತ್ತದೆ.

ಮೇಲಿನ ಪೈಪು ತಿರುಗುವುದಿಲ್ಲ, ಅದರ ಮೇಲಿನ ಪುಲ್ಲಿಗಳು ತಿರುಗುತ್ತವೆ. ಸ್ಪ್ರಿಂಗಿನ ಬಲವನ್ನೆಲ್ಲ ತಡೆದು ನಿಲ್ಲಿಸಿರುವುದು ಪೈಪನ್ನು ಬ್ರಾಕೆಟ್ಟಿಗೆ ಕಚ್ಚಿಹಿಡಿದ ಕ್ಲಾಂಪ್. ಅದನ್ನು ಸಡಿಲ ಮಾಡಿದರೆ ಪೈಪು ಗರ್ರನೆ ತಿರುಗಿ ಪೈಪ್ ಪಾನವನ್ನು ಕೈಯಿಂದ ಕಸಿದು ಎಸೆಯುತ್ತದೆ. ಮಣಿಕಟ್ಟು ಮುರಿಯಲು ಅಷ್ಟು ಸಾಕು. ಸ್ಪ್ರಿಂಗ್ ಬಿಗಿ ಮಾಡುವುದು, ಬದಲಾಯಿಸುವುದು ಶಟರ್ ಕೆಲಸದವರದ್ದೇ. ಅವರು ಬಂದಾಗ ಒಂದೇ ಸ್ಪ್ರಿಂಗ್ ಬದಲಾಯಿಸಲು ಬಿಡಬೇಡಿ. ಉಳಿದವೂ ಅದೇ ಉಪ್ಪುಗಾಳಿ ತಿಂದಿವೆ, ಹೊಸದರ ಜೊತೆ ತೂಕವೂ ಸರಿಹೊಂದುವುದಿಲ್ಲ.

ಕೆಳಗಿನ ಪಟ್ಟಿ ಬದಲಾಯಿಸುವುದು

ಶಟರ್ ಕೆಳಗಿದ್ದಾಗ ಸ್ಪ್ರಿಂಗಿನ ಬಿಗಿ ಅತಿ ಹೆಚ್ಚು. ಆ ಹೊತ್ತಿನಲ್ಲಿ ಬಾಟಮ್ ರೈಲ್ (ತಳದ ಗಟ್ಟಿ ಪಟ್ಟಿ) ಬಿಚ್ಚಿದರೆ ಭಾರ ಇಳಿದು ಉಳಿದ ಶಟರ್ ಮೇಲಕ್ಕೆ ಚಿಮ್ಮುತ್ತದೆ. ಆದ್ದರಿಂದ ಮೊದಲು ರಿಪೇರಿಯ ಜಾಗಕ್ಕಿಂತ ಎರಡು ಪಟ್ಟಿ ಮೇಲೆ, ಎರಡೂ ಬದಿಯಲ್ಲಿ ಪಟ್ಟಿಯನ್ನೂ ಗೈಡನ್ನೂ ಸೇರಿಸಿ ಸಿ-ಕ್ಲಾಂಪ್ ಬಿಗಿಯಿರಿ. ಆಮೇಲೆ ಒಂದು ಬದಿಯ ಗೈಡಿನ ಕೆಳಭಾಗ ಬಿಚ್ಚಿ, ಬೆಸೆದಿದ್ದರೆ ಕತ್ತರಿಸಿ. ಬಾಟಮ್ ರೈಲನ್ನೂ ಕೆಟ್ಟ ಪಟ್ಟಿಗಳನ್ನೂ ಪಕ್ಕಕ್ಕೆ ಎಳೆದರೆ ಕೊಂಡಿಯಿಂದ ಜಾರಿ ಬರುತ್ತವೆ. ತುಕ್ಕಿಗೆ ಕಚ್ಚಿದ್ದರೆ ಹಿಂದಿನ ರಾತ್ರಿಯೇ ಕೊಂಡಿಗೆ ಡೀಸೆಲ್ ಬಿಟ್ಟಿಡಿ. ವೆಲ್ಡಿಂಗಿಗೆ ಮೊದಲು ಅದನ್ನು ಚೆನ್ನಾಗಿ ಒರೆಸಿ ತೆಗೆಯಬೇಕು.

ಹೊಸ ಪಟ್ಟಿ ತರುವಾಗ ಹಳೆಯದರ ಅರ್ಧ ಅಡಿ ತುಂಡು ಜೊತೆಗಿರಲಿ. 75 ಮಿ.ಮೀ., 80 ಮಿ.ಮೀ. ಎರಡೂ ಅಳತೆ ಸಿಗುತ್ತವೆ, ಅಳತೆ ಒಂದೇ ಆದರೂ ಕೊಂಡಿಯ ಸುರುಳಿ ಯಂತ್ರದಿಂದ ಯಂತ್ರಕ್ಕೆ ಬೇರೆ.

ಬಣ್ಣ

ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಬೆಳಿಗ್ಗೆ ಹತ್ತರ ನಂತರ. ತೇವಾಂಶ 85% ಮೀರಿದ್ದರೆ ಡಬ್ಬಿ ತೆರೆಯಲೇಬೇಡಿ. ಉಪ್ಪಿನ ಮೇಲೆ ಬಳಿದ ಬಣ್ಣ ಕೆಲವೇ ತಿಂಗಳಲ್ಲಿ ಗುಳ್ಳೆ ಎದ್ದು ಬರುತ್ತದೆ, ಹಾಗಾಗಿ ಉಜ್ಜುವ ಮೊದಲು ಒಮ್ಮೆ, ಉಜ್ಜಿದ ಮೇಲೆ ಒಮ್ಮೆ ತೊಳೆಯಿರಿ. ಸಡಿಲ ತುಕ್ಕನ್ನು ವೈರ್ ಬ್ರಷ್ಷಿನಿಂದ, ಉಳಿದದ್ದನ್ನು 80ರ ಎಮರಿ ಪೇಪರಿನಿಂದ ತೆಗೆಯಿರಿ. ಗಟ್ಟಿಯಾಗಿ ಕಚ್ಚಿರುವ ತೆಳು ತುಕ್ಕಿಗೆ ಮಾತ್ರ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಕೆಲಸ ಮಾಡುತ್ತದೆ.

ಜಿಂಕ್ ಪದರವಿರುವ ಜಿಐ ಪಟ್ಟಿಗೆ ನೇರವಾಗಿ ಎನಾಮೆಲ್ ಬಳಿದರೆ ಅದರೊಳಗಿನ ಎಣ್ಣೆ ಜಿಂಕಿನೊಡನೆ ಸೇರಿ ಸಾಬೂನಾಗುತ್ತದೆ, ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಎಪಾಕ್ಸಿ ಜಿಂಕ್ ಫಾಸ್ಫೇಟ್ ಪ್ರೈಮರ್ ಒಂದು ಕೋಟ್, ಮೇಲೆ ಪಿಯು (ಪಾಲಿಯುರೆಥೇನ್ ಬಣ್ಣ) ಎರಡು ತೆಳು ಕೋಟ್. ಎಪಾಕ್ಸಿಯೊಂದನ್ನೇ ಬಳಿದು ಬಿಟ್ಟರೆ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುತ್ತದೆ. 3 ಮೀಟರ್ ಅಗಲ, 2.4 ಮೀಟರ್ ಎತ್ತರದ ಶಟರಿಗೆ ಎರಡೂ ಬದಿ, ಉಬ್ಬುತಗ್ಗು ಸೇರಿ ಸುಮಾರು 19 ಚದರ ಮೀಟರ್ ಮೈ. ಪ್ರೈಮರ್ 2 ಲೀಟರ್, ಪಿಯು 4 ಲೀಟರ್ ಲೆಕ್ಕ ಹಿಡಿಯಿರಿ. ದಪ್ಪ ಬಳಿದರೆ ಕೊಂಡಿಗಳಲ್ಲಿ ಬಿರಿಯುತ್ತದೆ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಕೊಂಡಿಗಳಿಗೆ ಕಾರಿನ ಕ್ಯಾವಿಟಿ ವ್ಯಾಕ್ಸ್ (ಸಂದಿಗಳಿಗೆ ಹೊಡೆಯುವ ಮೇಣ) ಸ್ಪ್ರೇ ಮಾಡಿ. ಬಣ್ಣ ನಿಲ್ಲದ ಜಾಗ ಅದೊಂದೇ.

ಮೋಟರ್ ಇದ್ದರೆ

ಗುಂಯ್ ಎಂದು ಸದ್ದು ಬಂದು ಶಟರ್ ಏಳದಿದ್ದರೆ ಸಾಮಾನ್ಯವಾಗಿ ಕೆಪಾಸಿಟರ್ ಹೋಗಿರುತ್ತದೆ. ನಾಲ್ಕಾರು ಸಲ ಎತ್ತಿಳಿಸಿದ ಮೇಲೆ ನಿಂತರೆ ಬಿಸಿಗೆ ಒಳಗಿನ ಕಟ್‌ಆಫ್ ಬಿದ್ದಿದೆ, ತಣಿಯಲು ಅರ್ಧ ಗಂಟೆ ಬಿಡಿ. ಕಂಟ್ರೋಲ್ ಪೆಟ್ಟಿಗೆಯ ವೈರ್ ತೂತುಗಳನ್ನು ರಬ್ಬರ್ ಗ್ಲಾಂಡಿನಿಂದ ಮುಚ್ಚಿ, ಹಲ್ಲಿ ಇರುವೆಗಳೇ ಬೋರ್ಡ್ ಸುಡುವುದು ಜಾಸ್ತಿ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಐಸೊಲೇಟರ್ (ಮೋಟರಿನ ಮುಖ್ಯ ಸ್ವಿಚ್) ಆಫ್ ಮಾಡಿ. ಲೈನಿಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲೇಬೇಕು.

ಯಾವಾಗ ಹೊಸದು

ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿದಾಗ ನಾಲ್ಕರಲ್ಲಿ ಒಂದು ಪಟ್ಟಿ ತೂತಾದರೆ ರಿಪೇರಿಗೆ ದುಡ್ಡು ಹಾಕಬೇಡಿ. ಹೊಸದರಲ್ಲಿ ನೋಡಬೇಕಾದದ್ದು ಜಿಂಕಿನ ತೂಕ. ಚದರ ಮೀಟರಿಗೆ ಎರಡೂ ಬದಿ ಸೇರಿ 120 ಗ್ರಾಂ ಎಂದರೆ ಒಂದು ಬದಿಗೆ ಸುಮಾರು 8 ಮೈಕ್ರಾನ್, 275 ಗ್ರಾಂ ಎಂದರೆ ಸುಮಾರು 19. ಲೋಹದ ಸವೆತಕ್ಕೆ ಇರುವ ಐಎಸ್ಒ 9223 ಮಾನದಂಡದ ಲೆಕ್ಕದಲ್ಲಿ ಕಡಲಂಚಿನ ಕಠಿಣ ಸಿ5 ದರ್ಜೆಯ ವಾತಾವರಣ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಜಿಂಕ್ ತಿನ್ನುತ್ತದೆ. ಬಣ್ಣವಿಲ್ಲದ 120 ಗ್ರಾಂ ಪಟ್ಟಿ ಎರಡು ಮಳೆಗಾಲ ದಾಟುವುದು ಕಷ್ಟ. ಮಲ್ಪೆ, ಮರವಂತೆಯಂಥ ಕಡೆ ಅಲ್ಯೂಮಿನಿಯಂ ಪಟ್ಟಿ ದುಬಾರಿಯಾದರೂ ಲೆಕ್ಕಕ್ಕೆ ಸರಿಹೋಗುತ್ತದೆ, ಆದರೆ ಅದಕ್ಕೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಸ್ಕ್ರೂ, ನಡುವೆ ನೈಲಾನ್ ವಾಷರ್ ಬೇಕು. ಕಬ್ಬಿಣದ್ದಾದರೆ 3.5 ಮೀಟರಿಗಿಂತ ಅಗಲದ ಬಾಗಿಲಿಗೆ 18 ಗೇಜ್, ಅಂದರೆ 1.2 ಮಿ.ಮೀ.; ಅದಕ್ಕಿಂತ ಕಡಿಮೆಗೆ 20 ಗೇಜ್ ನಡೆಯುತ್ತದೆ. ಗೇಜ್, ಜಿಂಕಿನ ಗ್ರಾಂ ಎರಡನ್ನೂ ಬಿಲ್ಲಿನಲ್ಲಿ ಬರೆಸಿ, ಬಣ್ಣ ಹೊಡೆಯುವ ಮೊದಲೇ ಸ್ಕ್ರೂಗೇಜ್ ಹಿಡಿದು ಪಟ್ಟಿಯ ಅಂಚು ಅಳೆಯಿರಿ. ಆಮೇಲೆ ಅಳೆದರೆ ಬಣ್ಣದ ಪದರವೂ ದಪ್ಪದಲ್ಲಿ ಸೇರಿಬಿಡುತ್ತದೆ.