ನನ್ನ ಕಥೆಯ ಅಂಜುಬುರುಕ ಅಧಿಕಾರಿ

ಕಥೆಯ ಎಳೆ ಸರಳ. ಅನ್ಯಗ್ರಹದವರು ಭೂಮಿಯನ್ನು ವಶಪಡಿಸಿಕೊಂಡು ಎರಡು ವರ್ಷ ಆಗಿದೆ. ಒಂದು ನಗರದ ಜನಗಣತಿ ಕಚೇರಿಯ ಅಧಿಕಾರಿ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿಕೊಂಡು ಜೀವ ಉಳಿಸಿಕೊಂಡಿದ್ದಾನೆ. ಮೊದಲ ಕರಡಿನಲ್ಲಿ ಅವನ ಕೈ ನಡುಗುತ್ತಿತ್ತು, ಹಣೆ ಬೆವರುತ್ತಿತ್ತು, ಪುಟಕ್ಕೆ ಮೂರು ಸಲ ಗಂಟಲು ಒಣಗುತ್ತಿತ್ತು. ಓದಿದ ಗೆಳೆಯ, "ಇವನನ್ನ ಬೇಗ ಸಾಯಿಸಿಬಿಡೋ, ಸಾಕಾಯ್ತು" ಎಂದ.

ಬೇಜಾರಾಯ್ತು. ಆದರೆ ಅವನು ಹೇಳಿದ್ದು ಸರಿ. ಎರಡು ವರ್ಷ ದಿನಾ ಯಾರು ನಡುಗುತ್ತಾರೆ? ಮೈ ಒಗ್ಗಿಹೋಗುತ್ತದೆ. ಹಾಗಾದರೆ ಭಯ ಎಲ್ಲಿ ಅಡಗಿ ಕೂರುತ್ತದೆ?

ಉತ್ತರ ಸಿಕ್ಕಿದ್ದು ಎರಡನೇ ಮಹಾಯುದ್ಧದ ಇತಿಹಾಸ ಓದುವಾಗ. ನೆದರ್‌ಲೆಂಡ್ಸ್‌ನಲ್ಲಿ ಜನಸಂಖ್ಯಾ ದಾಖಲೆಗಳ ಮೇಲ್ವಿಚಾರಕನಾಗಿದ್ದವನು ಯಾಕೋಬ್ ಲೆಂಟ್ಸ್. ಎಲ್ಲರಿಗೂ ಗುರುತಿನ ಚೀಟಿ ಕೊಡಬೇಕು ಅನ್ನುವುದು ಅವನ ಆಸೆ. 1940ರ ಮಾರ್ಚ್‌ನಲ್ಲಿ ಅವನದೇ ಸರ್ಕಾರ ಬೇಡ ಎಂದಿತು. ಜನರನ್ನೆಲ್ಲ ಅಪರಾಧಿಗಳ ಹಾಗೆ ನೋಡುವುದು ನಮ್ಮ ರೀತಿಯಲ್ಲ ಎಂಬ ಕಾರಣಕ್ಕೆ. ಮೇ ತಿಂಗಳಲ್ಲಿ ಜರ್ಮನರು ಬಂದರು, ಅವರಿಗೆ ಅದು ಬೇಕಿತ್ತು. ಫೋಟೋ, ಬೆರಳಚ್ಚು ಎಲ್ಲ ಇದ್ದ ಆ ಚೀಟಿಯನ್ನು ನಕಲು ಮಾಡುವುದು ತೀರಾ ಕಷ್ಟವಾಗಿತ್ತು. ಯಹೂದಿಗಳ ಚೀಟಿಯ ಮೇಲೆ 'ಜೆ' ಅಕ್ಷರ ಬಿತ್ತು. ಮುಂದಿನದು ಗೊತ್ತಲ್ವಾ.

ನನ್ನ ಅಧಿಕಾರಿ ಆಗ ಸಿಕ್ಕಿದ. ಅವನ ಭಯ ಇರುವುದು ಅಚ್ಚುಕಟ್ಟುತನದಲ್ಲಿ.

ಒಂದು ದೃಶ್ಯವನ್ನು ಪೂರ್ತಿ ತಿರುಗಿ ಬರೆದೆ. ಮೂರನೇ ವಾರ್ಡಿನಲ್ಲಿ 60 ದಾಟಿದವರ ಪಟ್ಟಿ ಸಂಜೆಯೊಳಗೆ ಬೇಕು ಅಂತ ಆದೇಶ ಬರುತ್ತದೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಹಳೇ ಕರಡಿನಲ್ಲಿ ಅವನು ಕಾಲಿಗೆ ಬಿದ್ದು ಗೋಳಾಡುತ್ತಿದ್ದ. ಈಗ ಒಂದೇ ಪ್ರಶ್ನೆ ಕೇಳುತ್ತಾನೆ: "ವಯಸ್ಸನ್ನು ಯಾವ ತಾರೀಖಿಗೆ ಲೆಕ್ಕ ಹಾಕಬೇಕು?" ಆಮೇಲೆ ಕೂತು ಬರೆಯುತ್ತಾನೆ. ಪಕ್ಕದ ಮನೆಯ ಮೇಷ್ಟ್ರ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿರುತ್ತದೆ. ಅದನ್ನು ತಿದ್ದಿ, ಶಾಯಿ ಆರುವ ತನಕ ಊದುತ್ತಾನೆ. ಇದನ್ನು ಬರೆದ ರಾತ್ರಿ ನನಗೇ ನಿದ್ದೆ ಬರಲಿಲ್ಲ.

ಅನ್ಯಗ್ರಹದವರ ಬೆದರಿಕೆಯ ಮಾತು ನಾಲ್ಕು ಪುಟ ಇತ್ತು, ಎಲ್ಲ ಹೊಡೆದುಹಾಕಿದೆ. ಕೊಲ್ಲಲು ಹಿಂಜರಿಯದವರಿಗೆ ಅಷ್ಟು ಮಾತು ಯಾಕೆ? ಅದರ ಬದಲು ಹಿಂದಿನ ಅಧಿಕಾರಿಯ ಕನ್ನಡಕವನ್ನು ಮೇಜಿನ ಮೇಲೆ ಹಾಗೇ ಬಿಟ್ಟೆ. ಅದನ್ನು ತೆಗೆದಿಡಲು ಯಾರಿಗೂ ಧೈರ್ಯವಿಲ್ಲ.

ಕದ್ದುಮುಚ್ಚಿ ಒಂದು ಕಡತ ಬಚ್ಚಿಟ್ಟು ಕೊನೆಗೆ ಅವನು ಒಳ್ಳೆಯವನಾಗುವ ಹಾಗೂ ಒಂದು ಸಲ ಬರೆದಿದ್ದೆ. ಓದುಗರು ಅವನನ್ನು ಕ್ಷಮಿಸಲಿ ಅನ್ನುವ ಪುಕ್ಕಲುತನ ಅದು, ನನ್ನದೇ. ಅದನ್ನೂ ತೆಗೆದೆ. ಆ ಕೆಲಸ ಬೇರೆಯವರಿಗೆ ಹೋಯಿತು. 1943ರ ಮಾರ್ಚ್ 27ರಂದು ಆಮ್‌ಸ್ಟರ್‌ಡ್ಯಾಮ್‌ನ ಜನಸಂಖ್ಯಾ ದಾಖಲೆಗಳ ಕಚೇರಿಗೆ, ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಡಚ್ಚರು ಬೆಂಕಿ ಇಟ್ಟಾಗ, ಅಗ್ನಿಶಾಮಕದವರು ಬೇಕೆಂದೇ ನಿಧಾನ ಮಾಡಿ, ಉಳಿದ ಕಾಗದವೂ ಹಾಳಾಗಲಿ ಅಂತ ಜಾಸ್ತಿ ನೀರು ಹೊಡೆದರು. ಅಲ್ಲಿಂದ ಹುಟ್ಟಿದವಳು ನನ್ನ ಕಥೆಯ ಗುಮಾಸ್ತೆ. ಅವಳಿಗೆ ಬೀರುವಿನ ಕೀಲಿ ಯಾವತ್ತೂ ಸಿಗುವುದಿಲ್ಲ. ಅಧಿಕಾರಿ ದಿನಾ ಬೈಯುತ್ತಾನೆ. ಅವನಿಗೆ ನಿಜವಾಗಿ ಗೊತ್ತಿಲ್ಲವೋ, ಗೊತ್ತಿದ್ದೂ ಬರೀ ಬೈದು ಸುಮ್ನಾಗುತ್ತಾನೋ, ಅದನ್ನು ನಾನೂ ತೀರ್ಮಾನಿಸಿಲ್ಲ.

ಕೊನೆಯ ತಿದ್ದುಪಡಿ ತೀರಾ ಚಿಕ್ಕದು. ಮೊದಲು ಅವನಿಗೆ 45 ವರ್ಷ ಇತ್ತು. ಅದನ್ನು ಹೊಡೆದು 59 ಅಂತ ಬರೆದೆ. 60 ತುಂಬಲು ಎಂಟೇ ದಿನ ಬಾಕಿ.