ಮರ ಕೆಡವಿದರೆ ಅರ್ಧ ಕೆಲಸ, ಬೊಡ್ಡೆ ತೆಗೆದರೆ ಪೂರ್ತಿ

ಗುಬ್ಬಿ, ತಿಪಟೂರು ಕಡೆ ಮರ ಕೊಯ್ಯುವವರಿಗೆ ಬರವಿಲ್ಲ. ಯಾವ ಊರಲ್ಲಿ ವಿಚಾರಿಸಿದರೂ ಚೈನ್ ಸಾ ಇಟ್ಟುಕೊಂಡವರು ಒಬ್ಬರಾದರೂ ಸಿಗುತ್ತಾರೆ. ಮರ ಬಿದ್ದ ಮೇಲೆ ನೆಲದಲ್ಲಿ ಉಳಿಯುವ ಬೊಡ್ಡೆಯನ್ನು ಮಾತ್ರ ಕೇಳುವವರಿಲ್ಲ. ನಾನು ವಾರವೆಲ್ಲ ವೆಲ್ಡಿಂಗ್ ಶಾಪಿನಲ್ಲಿ ಇರುತ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಮತ್ತು ಭಾನುವಾರ ಮರ ಕೆಡವುವುದು, ಬೊಡ್ಡೆಯನ್ನು ಮಷಿನ್ನಿನಿಂದ ತುರಿದು ಪುಡಿ ಮಾಡುವುದು. ಜೊತೆಗೆ ನನ್ನ ಭಾವಮೈದ ಇದ್ದಾನೆ. ಚಿಕ್ಕಂದಿನಿಂದ ಕಾಯಿ ಕೀಳುತ್ತಿದ್ದವನು, ಮರದ ಮೇಲೆ ನಿಂತು ಕೆಲಸ ಮಾಡುವುದು ಅವನಿಗೆ ಗೊತ್ತು.

ತೆಂಗಿನ ಸೀಮೆಯಲ್ಲಿ ಬೊಡ್ಡೆ ಬಿಡುವುದೆಂದರೆ ಪಕ್ಕದ ಮರಕ್ಕೆ ಕಾಟ ಸಾಕಿದ ಹಾಗೆ. ಸುಳಿ ಕೊರೆಯುವ ದುಂಬಿ ಮೊಟ್ಟೆ ಇಡುವುದು ಕೊಳೆಯುವ ವಸ್ತುವಿನಲ್ಲಿ: ತಿಪ್ಪೆ, ಸತ್ತ ಮರದ ದಿಮ್ಮಿ, ಮಳೆ ನೀರು ಕುಡಿದು ಮೆತ್ತಗಾದ ಬೊಡ್ಡೆ. ಹಳೇ ಬೊಡ್ಡೆಯನ್ನು ಹಾರೆಯಿಂದ ಎಬ್ಬಿ ನೋಡಿ, ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆಹುಳ ಸುರುಳಿ ಸುತ್ತಿಕೊಂಡು ಮಲಗಿರುತ್ತವೆ. ಅವೇ ದುಂಬಿಯಾಗಿ ಎದ್ದು ಪಕ್ಕದ ಮರದ ಸುಳಿಗೆ ಹೋಗುತ್ತವೆ. ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುವ ಗುರುತು ಅವುಗಳದ್ದೇ. "ಬೊಡ್ಡೆ ಇದ್ರೆ ಏನಾಯ್ತು ಬಿಡಪ್ಪ, ತಾನಾಗೇ ಕೊಳೆತು ಹೋಗುತ್ತೆ" ಅನ್ನುವ ಯಜಮಾನರಿಗೆ ನಾನು ಮೊದಲು ಆ ಗರಿ ತೋರಿಸುತ್ತೇನೆ. ಆಮೇಲೆ ಮಾತು ಬೇಕಾಗುವುದಿಲ್ಲ.

ಅಣಬೆ ರೋಗದ ಮರ ಇನ್ನೂ ಬೇರೆ ಲೆಕ್ಕ. ಬುಡದ ಹತ್ತಿರ ಕಾಂಡದಿಂದ ಕೆಂಪು-ಕಂದು ರಸ ಸೋರುತ್ತದೆ, ಗರಿ ಜೋತು ಬೀಳುತ್ತದೆ, ಕೊನೆಗೆ ಬುಡದಲ್ಲಿ ಗಟ್ಟಿ ಅಣಬೆ ಏಳುತ್ತದೆ. ಈ ಮರದ ಬೊಡ್ಡೆಗೆ ನಾನು ತುರಿಯುವ ಮಷಿನ್ ಹಾಕುವುದೇ ಇಲ್ಲ. ಹಾಕಿದರೆ ರೋಗದ ಚೂರು ತೋಟದ ತುಂಬ ಹರಡುತ್ತದೆ, ಬೇರು ಒಳಗೇ ಉಳಿಯುತ್ತದೆ. ಕೂಲಿ ಹೋದರೂ ಚಿಂತೆ ಇಲ್ಲ, ಜೆಸಿಬಿ ಕರೆಸಿ ಬೇರು ಸಮೇತ ಕೀಳಿಸಿ, ಅಲ್ಲೇ ಸುಡಿಸಿ ಎಂದು ಹೇಳಿ ಬರುತ್ತೇನೆ. ಸುತ್ತ 2 ಅಡಿ ಆಳ, 1 ಅಡಿ ಅಗಲದ ಕಾಲುವೆ ತೆಗೆದು ರೋಗದ ಜಾಗವನ್ನು ಬೇರ್ಪಡಿಸಬೇಕು. ಉಳಿದ ಮರಗಳಿಗೆ ವರ್ಷಕ್ಕೊಮ್ಮೆ ಮರವೊಂದಕ್ಕೆ 5 ಕೆ.ಜಿ. ಬೇವಿನ ಹಿಂಡಿಯ ಜೊತೆ 50 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಕೊಡಬೇಕು. ಕೃಷಿಯವರು ಹೇಳುವುದೂ ಇದನ್ನೇ.

ಇನ್ನು ಕೆಡವುವುದು. ತೆಂಗು ಬೇವು-ಹುಣಸೆ ಹಾಗಲ್ಲ. ಹೊರಗೆ ಕಬ್ಬಿಣದಷ್ಟು ಗಟ್ಟಿ, ಒಳಗೆ ಮೆತ್ತಗಿನ ನಾರು. ಬೇರೆ ಮರದಲ್ಲಿ ಬೀಳುವ ಕಡೆ ಕಚ್ಚು ಹಾಕಿ, ಹಿಂದಿನಿಂದ ಕೊಯ್ದು, ನಡುವೆ ಮರದ ದಪ್ಪದ ಹತ್ತನೇ ಒಂದು ಭಾಗ ಬಿಟ್ಟರೆ ಆ ಪಟ್ಟಿಯೇ ಮರವನ್ನು ಹಿಡಿದು ದಾರಿ ತೋರಿಸುತ್ತದೆ. ತೆಂಗಿನಲ್ಲಿ ಆ ಪಟ್ಟಿಯನ್ನು ಅಷ್ಟು ನಂಬುವಂತಿಲ್ಲ, ಬೆಣೆ ಹೊಡೆದರೂ ಮೆತ್ತಗಿನ ತಿರುಳಿಗೆ ಇಳಿದುಬಿಡುತ್ತದೆ. ಹಾಗಾಗಿ ನಾನು ನಂಬುವುದು ಹಗ್ಗವನ್ನು. ಎತ್ತರದಲ್ಲಿ ಕಟ್ಟಿ, ಬೀಳಬೇಕಾದ ದಿಕ್ಕಿಗೆ ಇನ್ನೊಂದು ಗಟ್ಟಿ ಮರಕ್ಕೆ ಬಿಗಿದು, ಆಮೇಲೆ ಮಷಿನ್ ಸ್ಟಾರ್ಟ್. 60 ಅಡಿ ಮರವಾದರೆ 120 ಅಡಿ ಒಳಗೆ ಯಾರೂ ನಿಲ್ಲುವ ಹಾಗಿಲ್ಲ. ತಲೆ ನೆಲಕ್ಕೆ ಬಡಿದಾಗ ಕಾಯಿ ಹಾರುತ್ತವೆ, ಮಕ್ಕಳು ಆರಿಸಲು ಓಡಿ ಬರುತ್ತಾರೆ. ಅವರನ್ನು ಹಿಡಿದುಕೊಳ್ಳಲು ಮನೆಯವರಲ್ಲಿ ಒಬ್ಬರನ್ನು ಮೊದಲೇ ನೇಮಿಸುತ್ತೇನೆ.

ಹತ್ತುವ ಮುಂಚೆ ಕೊಡಲಿ ಹಿಂಭಾಗದಿಂದ ಬುಡವನ್ನು ಸುತ್ತ ತಟ್ಟುತ್ತೇವೆ. ಟೊಳ್ಳು ಸದ್ದು ಬಂದರೆ ಭಾವಮೈದ ಹತ್ತುವುದಿಲ್ಲ. ಯಾರು ಎಷ್ಟು ಒತ್ತಾಯ ಮಾಡಿದರೂ ಇಲ್ಲ.

ಕರೆಂಟ್ ತಂತಿ ಹತ್ತಿರ ಇದ್ದರೆ ಬೆಸ್ಕಾಂನಿಂದ ಲೈನ್ ಕ್ಲಿಯರ್, ಅಂದರೆ ಆ ತಂತಿಯ ಕರೆಂಟ್ ತೆಗೆದಿದ್ದೇವೆ ಎಂಬ ಖಾತ್ರಿ, ಪಡೆಯಬೇಕು.

"ಲೈನ್‌ಮ್ಯಾನ್‌ಗೆ ಫೋನ್ ಮಾಡಿದೀನಿ, ತೆಗೆದಿರ್ತಾರೆ, ನೀನ್ ಕೊಯ್ಯಪ್ಪ."

"ಅವರು ಬಂದು ಎದುರಿಗೆ ನಿಂತ ಮೇಲೆ ಕೊಯ್ತೀನಿ ಗೌಡ್ರೇ."

ಈ ಮಾತನ್ನು ನಾನು ಬಹಳ ತೋಟಗಳಲ್ಲಿ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಕಾಗದದ ವಿಷಯ ಚಿಕ್ಕದಾಗಿ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ನೀಲಗಿರಿ, ಸಿಲ್ವರ್ ಓಕ್, ಸರ್ವೆಗೆ ವಿನಾಯಿತಿ ಇದೆ. ವಿನಾಯಿತಿ ಇಲ್ಲದ ಮರವಾದರೆ, ಸ್ವಂತ ಜಮೀನಿನದ್ದಾದರೂ, ಅರಣ್ಯ ಇಲಾಖೆಯ ಅನುಮತಿ ಕೈಗೆ ಬರುವವರೆಗೆ ಗಾಡಿಯಿಂದ ಮಷಿನ್ ಇಳಿಸುವುದಿಲ್ಲ. ರಸ್ತೆ ಬದಿ ಮರದ ತಂಟೆಗೆ ಹೋಗುವುದೇ ಇಲ್ಲ.

ತುರಿಯುವ ಮಷಿನ್ ಅಂದರೆ ಪೆಟ್ರೋಲ್ ಎಂಜಿನ್ನಿಗೆ ಸೇರಿಸಿದ ಒಂದು ದಪ್ಪ ಚಕ್ರ, ಅದರ ಸುತ್ತ ಕಾರ್ಬೈಡ್ ಹಲ್ಲು. ಚಕ್ರವನ್ನು ಎಡಕ್ಕೂ ಬಲಕ್ಕೂ ತೂಗುತ್ತಾ ಸ್ವಲ್ಪ ಸ್ವಲ್ಪವೇ ಬೊಡ್ಡೆಯನ್ನು ತಿನ್ನಿಸಬೇಕು. ಒಂದಡಿ ಆಳದವರೆಗೆ ಹೋಗುತ್ತದೆ. ಜೆಸಿಬಿ ಬರಲಾಗದ ಕಡೆ ಇದರ ಬೆಲೆ ಗೊತ್ತಾಗುತ್ತದೆ: ತುಮಕೂರಿನ ಸೈಟುಗಳಲ್ಲಿ ಕಾಂಪೌಂಡ್ ಗೋಡೆಗೆ ಒತ್ತಿಕೊಂಡ ಬೊಡ್ಡೆ, ತೋಟದಲ್ಲಿ ಡ್ರಿಪ್ ಪೈಪಿನ ನಡುವೆ ಇರುವ ಬೊಡ್ಡೆ. ಮೇಲ್ಮಣ್ಣು ಕೆಳಗೆ, ಕೆಳಮಣ್ಣು ಮೇಲೆ ಆಗುವುದಿಲ್ಲ, ದೊಡ್ಡ ಗುಂಡಿಯೂ ಬೀಳುವುದಿಲ್ಲ.

ಮಷಿನ್ ಇಡುವ ಮುಂಚಿನ ಕೆಲಸವೇ ಹೆಚ್ಚು. ಸನಿಕೆಯಿಂದ ಸುತ್ತಲ ಮಣ್ಣು ಬಿಡಿಸಿ ಕಲ್ಲು ಆರಿಸುತ್ತೇವೆ, ಒಂದು ಬೆಣಚುಕಲ್ಲು ಸಾಕು ಹಲ್ಲು ಹಾರಿಸಲು. ಬೋರ್‌ವೆಲ್ ಕೇಬಲ್, ನೀರಿನ ಪೈಪು ಎಲ್ಲಿ ಹೋಗಿದೆ ಅಂತ ಮನೆಯ ಹಿರಿಯರನ್ನು ಕೇಳುತ್ತೇನೆ. ಮಗನಿಗೆ ಗೊತ್ತಿಲ್ಲದ್ದು ಅಪ್ಪನಿಗೆ ಗೊತ್ತಿರುತ್ತದೆ. ಮನೆ ಹತ್ತಿರದ ಮರಗಳಲ್ಲಿ ಬಟ್ಟೆ ಹಗ್ಗಕ್ಕೆ ಹೊಡೆದ ಮೊಳೆ, ಬೇಲಿ ತಂತಿ ಕಾಂಡದೊಳಗೆ ಹೂತಿರುತ್ತವೆ. ಚೈನ್ ಹಾಳಾಗದಿರಲು ಕಾಂಡವನ್ನೂ ಕೈಯಿಂದ ಸವರಿ ನೋಡಬೇಕು. ತೆಂಗಿನ ಬೇರಿನ ನಾರು ಚಕ್ರದ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ಎಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು, ಚಾಕುವಿನಿಂದ ಕುಯ್ದು ತೆಗೆಯಬೇಕು. ಕ್ಯಾಪ್ ಕೀಳದೆ ಚಕ್ರದ ಹತ್ತಿರ ಕೈ ಹೋಗಬಾರದು. ಹೆಲ್ಮೆಟ್, ಮುಖದ ಜಾಲರಿ, ಕಿವಿ ಮುಚ್ಚುವ ಮಫ್, ಕಾಲಿಗೆ ಗಾರ್ಡ್ ಇವೆಲ್ಲ ಮಷಿನ್ನಿನ ಜೊತೆಗೇ ಕೊಂಡದ್ದು. ಚೈನ್ ಸಾಗೆ ಲೀಟರ್ ಪೆಟ್ರೋಲಿಗೆ 20 ಎಂ.ಎಲ್. 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ ಎಣ್ಣೆ) ಅಳೆದು ಹಾಕುತ್ತೇನೆ, ಅಂದಾಜಿನಲ್ಲಿ ಸುರಿಯುವುದಿಲ್ಲ.

ದರವನ್ನು ಫೋನಿನಲ್ಲಿ ಹೇಳುವುದಿಲ್ಲ, ಹೋಗಿ ನೋಡುತ್ತೇನೆ. ಮರಕ್ಕೆ ಬೇರೆ, ಬೊಡ್ಡೆಗೆ ಬೇರೆ. ಬೊಡ್ಡೆಯನ್ನು ನೆಲಮಟ್ಟದಲ್ಲಿ, ಬೇರು ಉಬ್ಬಿದ ಭಾಗ ಸೇರಿಸಿ ಅಡ್ಡಲಾಗಿ ಅಳೆದು ಅಂಗುಲದ ಲೆಕ್ಕದಲ್ಲಿ ಮಾತಾಡುತ್ತೇನೆ. ದಿಮ್ಮಿ ಯಾರಿಗೆ, ಗರಿ ಯಾರಿಗೆ, ಸಾಗಿಸುವವರು ಯಾರು ಎನ್ನುವುದು ಮರ ಮುಟ್ಟುವ ಮುಂಚೆಯೇ ತೀರ್ಮಾನ ಆಗಬೇಕು. ಇಟ್ಟಿಗೆ ಗೂಡಿಗೆ ಸೌದೆ ಹೋಗುತ್ತದೆ ಅಂತ ತಿಳಿದ ಮೇಲೆ ಜಗಳ ಶುರುವಾಗುವುದು ಇಲ್ಲೇ.

ತುರಿದ ಪುಡಿ ಬೊಡ್ಡೆಗಿಂತ ದೊಡ್ಡ ಗುಡ್ಡೆಯಾಗಿ ಕಾಣುತ್ತದೆ. ಅದನ್ನು ರಾಶಿ ಹಾಕಿ ಬಿಟ್ಟರೆ ಬೊಡ್ಡೆ ತೆಗೆದೂ ಪ್ರಯೋಜನವಿಲ್ಲ, ದುಂಬಿ ಅದರಲ್ಲೇ ಮೊಟ್ಟೆ ಇಡುತ್ತದೆ. ಹಸಿ ಪುಡಿಯನ್ನು ಮಣ್ಣಿಗೆ ಕಲಸಿದರೆ ಕೊಳೆಯುವಾಗ ಸಾರಜನಕ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಆದ್ದರಿಂದ ಆರೋಗ್ಯವಾಗಿದ್ದ ಮರದ ಪುಡಿಯಾದರೆ ತೋಟದ ದಾರಿಯ ಮೇಲೆ ತೆಳ್ಳಗೆ ಹರಡುತ್ತೇವೆ. ತಿಪ್ಪೆಗೇ ಹಾಕುತ್ತೇನೆ ಅನ್ನುವವರಿಗೆ ಮೆಟಾರೈಜಿಯಂ ಶಿಲೀಂಧ್ರ ಬೆರೆಸಲು ಹೇಳುತ್ತೇನೆ, ಅದು ಗೊಣ್ಣೆಹುಳವನ್ನು ಕೊಲ್ಲುತ್ತದೆ. ಹರಡುವ ಕೂಲಿ ಬೊಡ್ಡೆಯ ದರದಲ್ಲೇ ಸೇರಿರುತ್ತದೆ, ಬೇಡ ಅಂದರೂ ಮಾಡಿಯೇ ಬರುತ್ತೇವೆ.