ಗ್ರೀನ್ ಕಾರ್ಡ್ ಇರುವ ಅಪ್ಪ-ಅಮ್ಮ ಊರಿಗೆ ಹೋಗಿ ಬರುವುದು ಹೇಗೆ

ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಪಾರ್ಕಿಗೆ ಸಂಜೆ ವಾಕಿಂಗ್ ಬರುವ, ಗ್ರೀನ್ ಕಾರ್ಡ್ (ಇಲ್ಲಿ ಖಾಯಂ ವಾಸಕ್ಕೆ ಕೊಡುವ ಅನುಮತಿ) ಇರುವ ನಮ್ಮ ಕನ್ನಡದ ಹಿರಿಯರಲ್ಲಿ ಒಂದು ಮಾತು ಖಾಯಂ ಓಡಾಡುತ್ತಿರುತ್ತದೆ. "ಆರು ತಿಂಗಳಿಗೊಂದು ಸಲ ಬಂದು ಮುಖ ತೋರಿಸಿದರೆ ಸಾಕು ಕಣ್ರೀ, ಕಾರ್ಡಿಗೆ ಏನೂ ಆಗಲ್ಲ." ಇದನ್ನೇ ನಂಬಿಕೊಂಡು ಎಷ್ಟೋ ಜನ ಇಲ್ಲಿ ಎರಡು ವಾರ, ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಐದೂವರೆ ತಿಂಗಳು, ಮತ್ತೆ ಇಲ್ಲಿ ಎರಡು ವಾರ ಅಂತ ಓಡಾಡುತ್ತಾರೆ. ಒಂದು ದಿನ ಏರ್‌ಪೋರ್ಟಿನಲ್ಲಿ ಅಧಿಕಾರಿ ಪಾಸ್‌ಪೋರ್ಟಿನ ಸೀಲುಗಳನ್ನೆಲ್ಲ ತಿರುವಿ ಹಾಕಿ "ನೀವು ವಾಸ ಮಾಡೋದು ಎಲ್ಲಿ?" ಅಂತ ಕೇಳಿದಾಗ ಬಾಯಿ ಒಣಗುತ್ತದೆ.

ನಾನು ಹಾಸನದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದು ನಿವೃತ್ತಿಯಾದವಳು. ಮಗಳು ಇಲ್ಲಿನ ಸಿಟಿಜನ್. ಅವಳ ಅರ್ಜಿಯ ಮೇಲೆ ನಮಗಿಬ್ಬರಿಗೂ ಕಾರ್ಡ್ ಬಂತು. ಸರ್ಕ್ಯುಲರ್ ಓದಿ ಓದಿ ಅಭ್ಯಾಸ ನೋಡಿ, ನಿಯಮದ ಪುಸ್ತಕ ಕಂಡರೆ ಬಿಡುವವಳಲ್ಲ. ಹಾಗಾಗಿ ಎಲ್ಲರೂ ನನ್ನನ್ನೇ ಕೇಳುತ್ತಾರೆ. ವಕೀಲಳಲ್ಲ. ನಿಮ್ಮ ಕಥೆ ಸ್ವಲ್ಪ ತಿರುಚಿಕೊಂಡಿದ್ದರೆ ವಕೀಲರ ಹತ್ತಿರವೇ ಹೋಗಿ.

ದಿನದ ಲೆಕ್ಕ ಎಲ್ಲಿಗೆ ನಿಲ್ಲುತ್ತದೆ

ಕಾನೂನಿನಲ್ಲಿ ಎರಡು ಗೆರೆಗಳಿವೆ. ಮೊದಲನೆಯದು 180 ದಿನ. ಅದರೊಳಗೆ ವಾಪಸ್ ಬಂದರೆ ಸಾಮಾನ್ಯವಾಗಿ ನಿಮ್ಮನ್ನು ಮನೆಗೆ ಬಂದವರು ಅಂತಲೇ ನೋಡುತ್ತಾರೆ. ದಾಟಿದರೆ ಹೊಸದಾಗಿ ಪ್ರವೇಶ ಕೇಳುವವರ ಸಾಲಿಗೆ ಸೇರುತ್ತೀರಿ, ಪ್ರಶ್ನೆಗಳು ಜಾಸ್ತಿಯಾಗುತ್ತವೆ. ಎರಡನೆಯದು 1 ವರ್ಷ. ಅದು ದಾಟಿದರೆ ಬರೀ ಕಾರ್ಡ್ ತೋರಿಸಿ ಒಳಗೆ ಬರುವ ಹಾಗಿಲ್ಲ. ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲೇ ವಿಮಾನದವರು ತಡೆಯಬಹುದು. ಕಾರ್ಡಿನ ಮೇಲೆ 10 ವರ್ಷದ ತಾರೀಕು ಇದೆಯಲ್ಲ ಅಂತ ವಾದ ಮಾಡಬೇಡಿ. ಆ ತಾರೀಕು ಪ್ಲಾಸ್ಟಿಕ್ ತುಂಡಿನದು, ನಿಮ್ಮ ವಾಸದ್ದಲ್ಲ.

ಈ ಗೆರೆಗಳೊಳಗೆ ಇದ್ದುಬಿಟ್ಟರೆ ಕಾರ್ಡ್ ಭದ್ರ ಅಂತಲೂ ತಿಳಿಯಬೇಡಿ. ನಿಮ್ಮ ಬದುಕು ಎಲ್ಲಿದೆ ಅಂತ ನೋಡುತ್ತಾರೆ. ಇಲ್ಲಿ ಮನೆ ವಿಳಾಸ ಇದೆಯಾ, ಬ್ಯಾಂಕ್ ಖಾತೆ ಓಡುತ್ತಿದೆಯಾ, ತೆರಿಗೆ ಕಟ್ಟುತ್ತಿದ್ದೀರಾ, ಊರಿಗೆ ಹೋದದ್ದಕ್ಕೆ ಒಂದು ಕಾರಣ, ಮುಗಿಯುವ ಒಂದು ಗಡುವು ಇತ್ತಾ. ಗೃಹಪ್ರವೇಶ, ಮೊಣಕಾಲಿನ ಆಪರೇಷನ್, ಆಸ್ತಿ ಪಾಲು, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ಇವೆಲ್ಲ ಕಾರಣಗಳೇ. "ಅಲ್ಲಿ ಹವಾ ಚೆನ್ನಾಗಿದೆ" ಅನ್ನೋದು ಕಾರಣ ಅಲ್ಲ.

ಕೌಂಟರಿನಲ್ಲಿ ನಿಂತಾಗ

ನಮ್ಮ ಮನೆಯವರಿಗೆ ಇದನ್ನು ಕಲಿಸುವಷ್ಟರಲ್ಲಿ ಸಾಕುಬೇಕಾಯಿತು. "ಯಾಕೆ ಬಂದಿರಿ?" ಅಂದರೆ ಅವರ ಉತ್ತರ ಯಾವಾಗಲೂ ಒಂದೇ, "ಮಗಳನ್ನು ನೋಡಿಕೊಂಡು ಹೋಗೋಣ ಅಂತ." ವಿಸಿಟರ್ ವೀಸಾ ಇದ್ದವರಿಗೆ ಇದು ಸರಿಯಾದ ಉತ್ತರ. ಗ್ರೀನ್ ಕಾರ್ಡ್ ಇದ್ದವರ ಬಾಯಲ್ಲಿ ಬಂದರೆ ನಾನು ಇಲ್ಲಿ ವಾಸವಿಲ್ಲ ಅಂತ ನಾವೇ ಹೇಳಿದಂತೆ. ಈಗ ಅವರು "ಮನೆಗೆ ವಾಪಸ್ ಬಂದೆ, ಊರಿಗೆ ಹೋಗಿದ್ದೆ" ಅನ್ನುತ್ತಾರೆ. ನಿಜವೂ ಅದೇ. ಸುಳ್ಳು ಮಾತ್ರ ಹೇಳಬೇಡಿ. ಎಷ್ಟು ದಿನ ಹೊರಗಿದ್ದಿರಿ ಅನ್ನೋದು ಅವರ ಕಂಪ್ಯೂಟರಿನಲ್ಲೇ ಇರುತ್ತದೆ.

ಅಬುಧಾಬಿ ಮೇಲೆ ಬರುವವರು ಗಮನಿಸಿ. ಅಮೆರಿಕದ ಇಮಿಗ್ರೇಷನ್ ಅಲ್ಲೇ ಆಗಿಬಿಡುತ್ತದೆ. ಮಧ್ಯರಾತ್ರಿಯ ನಿದ್ದೆಗಣ್ಣಿನಲ್ಲಿ, ಕಾಗದಗಳೆಲ್ಲ ಚೆಕ್-ಇನ್ ಸೂಟ್‌ಕೇಸಿನ ತಳದಲ್ಲಿ ಉಪ್ಪಿನಕಾಯಿ ಡಬ್ಬದ ಕೆಳಗೆ ಇದ್ದರೆ ಏನು ಮಾಡುತ್ತೀರಿ? ಕಳೆದ ವರ್ಷದ ತೆರಿಗೆ ರಿಟರ್ನ್ ಪ್ರತಿ, ಇಲ್ಲಿನ ಬ್ಯಾಂಕ್ ಸ್ಟೇಟ್‌ಮೆಂಟ್, ಹೆಲ್ತ್ ಇನ್ಶೂರೆನ್ಸ್ ಕಾರ್ಡ್, ಆಸ್ಪತ್ರೆಗೆ ಹೋಗಿದ್ದರೆ ಡಿಸ್ಚಾರ್ಜ್ ಸಮರಿ, ಇಷ್ಟು ಹ್ಯಾಂಡ್ ಬ್ಯಾಗಿನಲ್ಲಿರಲಿ.

ಅಪ್ಪಿತಪ್ಪಿ ಅಧಿಕಾರಿ ಐ-407 ಅನ್ನುವ ಫಾರ್ಮ್ ಮುಂದಿಟ್ಟು ಸಹಿ ಹಾಕಿ ಅಂದರೆ, ತಡೆಯಿರಿ. ಅದು ನಾನಾಗಿಯೇ ಗ್ರೀನ್ ಕಾರ್ಡ್ ಬಿಟ್ಟುಕೊಡುತ್ತಿದ್ದೇನೆ ಅನ್ನುವ ಕಾಗದ. ಸಹಿ ಹಾಕಲೇಬೇಕು ಅಂತೇನಿಲ್ಲ. ಇಮಿಗ್ರೇಷನ್ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವ ಹಕ್ಕು ನಿಮಗಿದೆ. ಇಂಗ್ಲಿಷ್ ಸರಿಯಾಗಿ ಅರ್ಥವಾಗದಿದ್ದರೆ ಕನ್ನಡದ ದುಭಾಷಿ ಬೇಕು ಅಂತ ಕೇಳಿ. ತಲೆಯಾಡಿಸುವುದೊಂದೇ ಬೇಡ. ನಮ್ಮ ಕಡೆಯವರಿಗೆ ದೊಡ್ಡವರು ಏನು ಹೇಳಿದರೂ ತಲೆಯಾಡಿಸುವ ಚಾಳಿ.

ರೀ-ಎಂಟ್ರಿ ಪರ್ಮಿಟ್ ಮಾಡಿಸುವುದು

ವರ್ಷಕ್ಕಿಂತ ಜಾಸ್ತಿ ಊರಲ್ಲಿ ಇರಬೇಕಾಗುತ್ತದೆ ಅಂತ ಮುಂಚೆಯೇ ಗೊತ್ತಿದ್ದರೆ ಇದೇ ದಾರಿ. ಪಾಸ್‌ಪೋರ್ಟಿನಂಥ ಪುಟ್ಟ ಪುಸ್ತಕ ಕೊಡುತ್ತಾರೆ. ಕೊಟ್ಟ ದಿನದಿಂದ 2 ವರ್ಷ ನಡೆಯುತ್ತದೆ. ಅರ್ಜಿ ಐ-131. ಶುಲ್ಕ 2024ರ ಏಪ್ರಿಲ್‌ನಿಂದ 630 ಡಾಲರ್. ಕಟ್ಟುವ ಮುಂಚೆ ಅಮೆರಿಕದ ಇಮಿಗ್ರೇಷನ್ ಇಲಾಖೆಯಾದ ಯುಎಸ್‌ಸಿಐಎಸ್ ವೆಬ್‌ಸೈಟಿನಲ್ಲಿ ಒಂದು ಸಲ ನೋಡಿಕೊಳ್ಳಿ, ಇವು ಬದಲಾಗುತ್ತಿರುತ್ತವೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ನೆನಪಿರಲಿ. ಅರ್ಜಿ ಹಾಕುವ ದಿನ ನೀವು ಅಮೆರಿಕದ ನೆಲದ ಮೇಲೆ ಇರಬೇಕು. ಹಾಸನಕ್ಕೆ ಹೋಗಿ ಕೂತು ಮಗಳ ಕೈಲಿ ಇಲ್ಲಿಂದ ಹಾಕಿಸಿದರೆ ನಡೆಯಲ್ಲ. ಹೊರಡುವುದಕ್ಕೆ 60 ದಿನ ಮೊದಲಾದರೂ ಹಾಕಿ ಅಂತ ಇಲಾಖೆಯೇ ಹೇಳುತ್ತದೆ. ಯಾಕೆಂದರೆ ಅರ್ಜಿಯ ನಂತರ ಬೆರಳಚ್ಚು ಕೊಡಲು ಕರೆಯುತ್ತಾರೆ, ಅದಕ್ಕೆ ಹೋಗದೆ ವಿಮಾನ ಹತ್ತಿದರೆ ಅರ್ಜಿ ಬಿದ್ದುಹೋಗಬಹುದು. ಟಿಕೆಟ್ ಅಗ್ಗವಾಗಿ ಸಿಕ್ಕಿತು ಅಂತ ಮೊದಲೇ ಬುಕ್ ಮಾಡಿ ಆಮೇಲೆ ಒದ್ದಾಡುವವರನ್ನು ನೋಡಿದ್ದೇನೆ.

ಬೆರಳಚ್ಚಿನ ಬಗ್ಗೆ ಇನ್ನೊಂದು ಮಾತು. ಜೀವಮಾನವೆಲ್ಲ ಪಾತ್ರೆ ತಿಕ್ಕಿದ ಕೈಗಳಿಗೆ ಗೆರೆಗಳೇ ಇರುವುದಿಲ್ಲ. ನನ್ನ ಹೆಬ್ಬೆರಳನ್ನು ಆ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಜಿನ ಮೇಲೆ ಒತ್ತಿ, ಹೊರಳಿಸಿ, ಮತ್ತೆ ಒರೆಸಿ, ಕೊನೆಗೆ ತನ್ನ ಅಂಗೈಯಿಂದ ನನ್ನ ಬೆರಳನ್ನು ಅದುಮಿ ಹಿಡಿದಳು. ಆಗ ಬಂತು. ಹಿಂದಿನ ಒಂದು ವಾರ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಕ್ಲೋರಿನ್ ಪುಡಿ ಮುಟ್ಟಬೇಡಿ. ಹೋಗುವ ದಿನ ಮಾತ್ರ ಎಣ್ಣೆ ಬೇಡ, ಜಾರುತ್ತದೆ.

ಬೆರಳಚ್ಚು ಆದ ಮೇಲೆ ನೀವು ಹೊರಡಬಹುದು. ಪುಸ್ತಕ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು, ವರ್ಷ ದಾಟುವುದೂ ಉಂಟು. ಮಗಳ ವಿಳಾಸಕ್ಕೆ ತರಿಸಿ ಕೊರಿಯರ್ ಮಾಡಿಸಿಕೊಳ್ಳಿ. ಇಲ್ಲವೇ ಭಾರತದಲ್ಲಿರುವ ಅಮೆರಿಕದ ಎಂಬೆಸಿ ಅಥವಾ ಕಾನ್ಸುಲೇಟಿಗೆ ಕಳಿಸಿ ಅಂತ ಅರ್ಜಿಯಲ್ಲೇ ಬರೆಯಬಹುದು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ನಮ್ಮ ಗುಂಪಿನಲ್ಲಿ ಎಲ್ಲರೂ ಇನ್ನು ಚೆನ್ನೈ ಓಡಾಟ ತಪ್ಪಿತು ಅಂದುಕೊಂಡರು. ಉದ್ಘಾಟನೆ ಆಗಿತ್ತೇ ಹೊರತು ವೀಸಾ ಕೆಲಸ ಆಗಿನ್ನೂ ಶುರುವಾಗಿರಲಿಲ್ಲ.

ಈ ಪರ್ಮಿಟ್ಟಿನ ಅವಧಿ ಮುಂದೂಡಲು ಆಗಲ್ಲ. ಮುಗಿಯುವ ಮುಂಚೆ ಬಂದು, ಹಳೆಯದನ್ನು ಒಪ್ಪಿಸಿ, ಹೊಸ ಅರ್ಜಿ ಹಾಕಬೇಕು. ಗ್ರೀನ್ ಕಾರ್ಡ್ ಬಂದ ಮೇಲೆ ಹಿಂದಿನ 5 ವರ್ಷಗಳಲ್ಲಿ 4 ವರ್ಷಕ್ಕಿಂತ ಹೆಚ್ಚು ಹೊರಗೇ ಇದ್ದವರಿಗೆ ಸಾಮಾನ್ಯವಾಗಿ 1 ವರ್ಷದ್ದಷ್ಟೇ ಕೊಡುತ್ತಾರೆ. ಪರ್ಮಿಟ್ ಇದ್ದರೆ ಬರೀ ದಿನ ಜಾಸ್ತಿಯಾಯಿತು ಅನ್ನುವ ಒಂದೇ ಕಾರಣಕ್ಕೆ ವಾಸ ಬಿಟ್ಟಿರಿ ಅನ್ನಲು ಬರುವುದಿಲ್ಲ. ಬೇರೆ ಪ್ರಶ್ನೆಗಳನ್ನು ಆಗಲೂ ಕೇಳಬಹುದು.

ಊರಲ್ಲೇ ಸಿಕ್ಕಿಹಾಕಿಕೊಂಡರೆ

ನಮಗೆ ಪರಿಚಯದ ಒಬ್ಬರು ಹೀಗೇ ಸಿಕ್ಕಿಬಿದ್ದರು. ಮೈಸೂರಿಗೆ ಮದುವೆಗೆ ಹೋಗಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್, ಸೋಂಕು, ಮತ್ತೊಂದು ಆಪರೇಷನ್ ಅನ್ನುವಷ್ಟರಲ್ಲಿ ವರ್ಷ ದಾಟಿತು. ಪರ್ಮಿಟ್ ಇರಲಿಲ್ಲ. ಇಂಥವರಿಗೆ ಎಸ್‌ಬಿ-1 ಅನ್ನುವ ರಿಟರ್ನಿಂಗ್ ರೆಸಿಡೆಂಟ್ ವೀಸಾ ಇದೆ. ಫಾರ್ಮ್ ಡಿಎಸ್-117, ಅರ್ಜಿಗೆ 180 ಡಾಲರ್. ಅದು ಮಂಜೂರಾದರೆ ವೀಸಾ ಶುಲ್ಕ ಮತ್ತು ಮೆಡಿಕಲ್ ಬೇರೆ. ಹೊರಟಾಗಲೇ ವಾಪಸ್ ಬರುವ ಮನಸ್ಸಿತ್ತು, ತಡವಾದದ್ದು ನಮ್ಮ ಕೈಮೀರಿದ ಕಾರಣಕ್ಕೆ ಅಂತ ತೋರಿಸಬೇಕು. ಅವರ ಹತ್ತಿರ ಮೊದಲೇ ಬುಕ್ ಮಾಡಿದ್ದ ರಿಟರ್ನ್ ಟಿಕೆಟ್ ಇತ್ತು, ಡಾಕ್ಟರು ತಿಂಗಳು ತಿಂಗಳು ಬರೆದ ಚೀಟಿಗಳಿದ್ದವು. ಒಂದನ್ನೂ ಎಸೆಯದೆ ಇಟ್ಟುಕೊಂಡಿದ್ದು ಕೈ ಹಿಡಿಯಿತು. ಆದರೆ ಇದು ಸುಲಭಕ್ಕೆ ಸಿಗುವ ವೀಸಾ ಅಲ್ಲ. ಹೇಗೂ ಇದೆಯಲ್ಲ ಅಂತ ನೆಚ್ಚಿಕೊಂಡು ಕೂರಬೇಡಿ.

ಕಾರ್ಡ್ ಕಳೆದುಹೋದರೆ ಅದು ಬೇರೆ ವಿಷಯ. ಹೊರಗೆ ಹೋಗಿ ವರ್ಷ ಆಗಿಲ್ಲದಿದ್ದರೆ ಐ-131ಎ ಅರ್ಜಿ ಹಾಕಿ ಕಾನ್ಸುಲೇಟಿನಿಂದ ವಿಮಾನ ಹತ್ತುವ ಅನುಮತಿ ಪಡೆಯಬಹುದು.

ತೆರಿಗೆ, ಯಾರಿಗೂ ಇಷ್ಟವಿಲ್ಲದ ಭಾಗ

ಗ್ರೀನ್ ಕಾರ್ಡ್ ಇರುವ ತನಕ ಪ್ರಪಂಚದ ಯಾವ ಮೂಲೆಯ ಆದಾಯವನ್ನೂ ಅಮೆರಿಕಕ್ಕೆ ತೋರಿಸಬೇಕು. ಪೆನ್ಷನ್, ಎಫ್‌ಡಿ ಬಡ್ಡಿ, ಹಾಸನದ ಮನೆಯ ಬಾಡಿಗೆ ಎಲ್ಲ ಸೇರಿ. ಎರಡು ಕಡೆ ಕಟ್ಟುವುದು ತಪ್ಪಿಸಲು ಒಪ್ಪಂದ ಇದೆ, ಆದರೆ ತೋರಿಸುವುದು ಮಾತ್ರ ತಪ್ಪುವುದಿಲ್ಲ. ಭಾರತದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವುದಾದರೂ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಅಂತ ಇನ್ನೊಂದು ವರದಿ. ಜಂಟಿ ಖಾತೆಗಳೂ ಲೆಕ್ಕಕ್ಕೆ ಬರುತ್ತವೆ. ಇದಕ್ಕೆ ತೆರಿಗೆ ಇಲ್ಲ, ಸುಮ್ನೆ ಮಾಹಿತಿ ಕೊಡುವುದು. ಕೊಡದಿದ್ದರೆ ಬೀಳುವ ದಂಡ ಮಾತ್ರ ಭಾರಿ.

ತೆರಿಗೆ ಉಳಿಸೋಣ ಅಂತ ನಾನ್-ರೆಸಿಡೆಂಟ್ ಎಂದು 1040-ಎನ್‌ಆರ್ ಅನ್ನುವ ತೆರಿಗೆ ಫಾರ್ಮ್ ಸಲ್ಲಿಸುವ ಬುದ್ಧಿವಂತರಿದ್ದಾರೆ. ನಾನು ಇಲ್ಲಿ ವಾಸವಿಲ್ಲ ಅಂತ ಸರ್ಕಾರಕ್ಕೆ ಕೈಯಾರೆ ಬರೆದುಕೊಟ್ಟ ಹಾಗೆ ಅದು. ಮ್ಯೂಚುವಲ್ ಫಂಡ್ ಇರುವವರು ಎರಡೂ ದೇಶದ ಲೆಕ್ಕ ಗೊತ್ತಿರುವ ಸಿಎ ಹಿಡಿಯಿರಿ, ಅದರ ನಿಯಮ ನನ್ನಂಥ ಬ್ಯಾಂಕಿನವಳಿಗೂ ತಲೆನೋವು.

ನವೆಂಬರ್‌ನ ಲೈಫ್ ಸರ್ಟಿಫಿಕೇಟ್‌ಗಾಗಿ ಊರಿಗೆ ಓಡುವುದು ಬೇಕಿಲ್ಲ. ಇಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಮಾಡಿಸಿ ಬ್ಯಾಂಕಿಗೆ ಕಳಿಸಬಹುದು.

ಸಿಟಿಜನ್ ಆಗಬೇಕಾ, ಬಿಟ್ಟುಬಿಡಬೇಕಾ

ಸಿಟಿಜನ್ ಆದರೆ ಈ ದಿನ ಎಣಿಸುವ ತಲೆಬಿಸಿ ಮುಗಿಯುತ್ತದೆ. ಸಾಮಾನ್ಯವಾಗಿ 5 ವರ್ಷ ವಾಸ, ಅದರಲ್ಲಿ 30 ತಿಂಗಳಾದರೂ ಇಲ್ಲೇ ಇದ್ದಿರಬೇಕು. ಒಂದೇ ಸಲ 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಲೆಕ್ಕ ಮುರಿಯಿತು ಅಂತ ಮೊದಲಿಗೆ ಭಾವಿಸುತ್ತಾರೆ. ಇಲ್ಲ ಅಂತ ನೀವು ತೋರಿಸಬೇಕು. ವರ್ಷ ದಾಟಿದರೆ ಮುರಿದೇ ಮುರಿಯುತ್ತದೆ. ರೀ-ಎಂಟ್ರಿ ಪರ್ಮಿಟ್ ಇದ್ದರೂ ಇದಕ್ಕೆ ಉಪಯೋಗವಿಲ್ಲ. ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಬೇಕಿದ್ದರೆ 55 ದಾಟಿದವರಿಗೆ ಕಾರ್ಡ್ ಬಂದು 15 ವರ್ಷ, 50 ದಾಟಿದವರಿಗೆ 20 ವರ್ಷ ಆಗಿರಬೇಕು. ಆಗ ನಾಗರಿಕ ಜ್ಞಾನದ ಪ್ರಶ್ನೆಗಳಿಗೆ ದುಭಾಷಿ ಇಟ್ಟುಕೊಂಡು ಕನ್ನಡದಲ್ಲೇ ಉತ್ತರಿಸಬಹುದು.

ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ, ಅಂದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್, ಮಾಡಿಸಬೇಕು. ಅದಿದ್ದರೆ ಊರಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು. ಆದರೆ ಹೊಲ, ತೋಟ, ಕಾಫಿ ಎಸ್ಟೇಟ್ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಸಕಲೇಶಪುರದ ಕಡೆಯ ಎಷ್ಟೋ ಜನ ಇದೊಂದೇ ಕಾರಣಕ್ಕೆ ಸಿಟಿಜನ್ ಆಗದೆ ಕೂತಿದ್ದಾರೆ.

ಇನ್ನು, ಮನಸ್ಸು ಪೂರ್ತಿ ಊರಲ್ಲೇ ಇದ್ದು, ವರ್ಷಕ್ಕೆರಡು ತಿಂಗಳು ಮೊಮ್ಮಕ್ಕಳ ಜೊತೆ ಇದ್ದರೆ ಸಾಕು ಅನ್ನುವವರಿಗೆ ಗ್ರೀನ್ ಕಾರ್ಡೇ ದಂಡ ಅಂತ ನನ್ನ ಅಭಿಪ್ರಾಯ. ಕಾರ್ಡ್ ಇರುವುದು ವಾಸ ಮಾಡುವವರಿಗೆ. ವಿಸಿಟರ್ ವೀಸಾದಲ್ಲಿ ಬಂದರೆ ಸಾಮಾನ್ಯವಾಗಿ 6 ತಿಂಗಳ ತನಕ ಇರಲು ಬಿಡುತ್ತಾರೆ. ಅದರಲ್ಲಿ ವೀಸಾದ ತಾರೀಕು ನೋಡಬೇಡಿ, ಒಳಗೆ ಬಂದಾಗ ಮಾಡುವ ಐ-94 ಅನ್ನುವ ದಾಖಲೆಯಲ್ಲಿರುವ ತಾರೀಕು ನೋಡಿ ಹೊರಡಿ. ಕಾರ್ಡ್ ಬಿಡುವುದಾದರೆ ಮಗಳ ಜೊತೆ ಕೂತು ಮಾತಾಡಿ, ಐ-407 ನೀವಾಗಿಯೇ ತುಂಬಿ ಕಾರ್ಡ್ ಜೊತೆ ಅಂಚೆಯಲ್ಲಿ ಕಳಿಸಿ. ಶುಲ್ಕವಿಲ್ಲ. ಹಿಂದಿನ 15 ವರ್ಷಗಳಲ್ಲಿ 8 ವರ್ಷ ಕಾರ್ಡ್ ಇಟ್ಟುಕೊಂಡಿದ್ದವರು ಕಳಿಸುವ ಮುಂಚೆ ಸಿಎ ಹತ್ತಿರ ಹೋಗಿ ಬನ್ನಿ, 8854 ಅನ್ನುವ ಇನ್ನೊಂದು ತೆರಿಗೆ ಫಾರ್ಮ್ ಇದೆ. ಐ-407ರ ಒಂದು ಪ್ರತಿಯನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ಮುಂದೆ ವಿಸಿಟರ್ ವೀಸಾ ಸಂದರ್ಶನಕ್ಕೆ ಹೋದಾಗ ಮೊದಲು ಕೇಳುವುದೇ ಆ ಹಳೆಯ ಕಾರ್ಡ್ ಏನಾಯಿತು ಅಂತ.